ಉಕ್ರೇನ್ ಆಸ್ಪತ್ರೆಗಳಿಗೆ ವೈದ್ಯಕೀಯ ಸಾಮಗ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪೋಲೆಂಡಿನ ಕ್ರಾಕೋವ್‌ನಲ್ಲಿರುವ ನಾವು ಕೆಲವು ಕನ್ನಡಿಗರು, ಪೋಲಿಷ್ ಮತ್ತು ಉಕ್ರೇನಿಯನ್ ಗೆಳೆಯರ ಜೊತೆ ಸೇರಿ ಉಕ್ರೇನಿನ ಆಸ್ಪತ್ರೆಗಳಿಗೆ ಬ್ಯಾಂಡೇಜು, ಕ್ಯಾಥೆಟರ್ (ಮೈಯೊಳಗೆ ಹಾಕುವ ಸಣ್ಣ ಕೊಳವೆ), ಮೂಳೆಯ ಫಿಕ್ಸೇಟರ್ ಇಂಥವನ್ನು ಕಳಿಸುತ್ತೇವೆ. ನಮ್ಮದು ದೊಡ್ಡ ಸಂಸ್ಥೆಯೇನಲ್ಲ. ಒಂದು ವ್ಯಾನು, ಒಂದು ಗ್ಯಾರೇಜು, ವಾರಾಂತ್ಯದಲ್ಲಿ ಪುರುಸೊತ್ತು ಮಾಡಿಕೊಂಡು ಬರುವ ಜನ, ಅಷ್ಟೇ. ದಾವಣಗೆರೆಯಿಂದ ಹಿಡಿದು ನ್ಯೂಜೆರ್ಸಿವರೆಗೆ ಎಲ್ಲೆಲ್ಲಿಂದಲೋ ವಾಟ್ಸ್ಯಾಪ್ ಪ್ರಶ್ನೆಗಳು ಬರುತ್ತವೆ. ಮುಕ್ಕಾಲು ಪಾಲು ಅವೇ ಪ್ರಶ್ನೆಗಳು. ಉತ್ತರ ಇಲ್ಲಿ ಬರೆದಿಟ್ಟಿದ್ದೇವೆ. ಉದ್ದ ಇದೆ, ನಿಮಗೆ ಬೇಕಾದ್ದನ್ನು ಮಾತ್ರ ಓದಿಕೊಳ್ಳಿ.

ಮನೆಯಲ್ಲಿ ಮಿಕ್ಕಿರುವ ಮಾತ್ರೆ, ಸಿರಪ್ ಕಳಿಸಬಹುದಾ?

ಬೇಡ. ಅರ್ಧ ಖಾಲಿಯಾದ ಸ್ಟ್ರಿಪ್ಪು, ಮುಚ್ಚಳ ತೆಗೆದ ಬಾಟಲಿ, ಡಾಕ್ಟರಿಗೆ ಕಂಪನಿಯವರು ಕೊಟ್ಟ ಸ್ಯಾಂಪಲ್ಲು, ಯಾವುದೂ ಬೇಡ. ರೋಗಿಯ ಕೈಗೆ ಒಮ್ಮೆ ಹೋದ ಔಷಧವನ್ನು ದಾನ ಮಾಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 1996ರಿಂದಲೂ ಹೇಳುತ್ತಿದೆ.

ಸುಮ್ನೆ ಹೇಳಿದ ಮಾತಲ್ಲ ಅದು. 1992ರಿಂದ 1996ರ ನಡುವೆ ಬೋಸ್ನಿಯಾಕ್ಕೆ ಜನ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬಿ ಕಳಿಸಿದರು. ಕೊನೆಗೆ ಅಂದಾಜು 17,000 ಟನ್ ಕೆಲಸಕ್ಕೆ ಬಾರದ ಔಷಧ ಅಲ್ಲಿನ ಗೋದಾಮುಗಳಲ್ಲಿ ಉಳಿಯಿತು. ಅದನ್ನು ವಿಲೇವಾರಿ ಮಾಡಲು ತಗಲುವ ಖರ್ಚು ಸುಮಾರು 3.4 ಕೋಟಿ ಡಾಲರ್ ಅಂತ ಲೆಕ್ಕ ಹಾಕಿದ್ದರು. ಯುದ್ಧದಿಂದ ಸೋತು ಸುಣ್ಣವಾದ ಊರಿನ ತಲೆಗೆ ಇನ್ನೊಬ್ಬರ ಮನೆಯ ಕಸವನ್ನೂ ಕಟ್ಟಿದಂತಾಯಿತು.

ನಮ್ಮ ಗ್ಯಾರೇಜಿಗೂ ಅಂಥ ಪೆಟ್ಟಿಗೆಗಳು ಬರುತ್ತವೆ. ಒಂದರ ಮೇಲೆ ಮಾರ್ಕರಿನಲ್ಲಿ ‘ಔಷಧ’ ಅಂತ ಮಾತ್ರ ಬರೆದಿತ್ತು. ಒಳಗೆ ಬಿಪಿ ಮಾತ್ರೆ, ಒಂಟಿ ಊರುಗೋಲು, ಮಕ್ಕಳ ಕೆಮ್ಮಿನ ಸಿರಪ್ಪು. ಸಿರಪ್ ಬಾಟಲಿ ಸೋರಿ, ಅದರ ಕೆಳಗಿದ್ದ ಹೊಚ್ಚ ಹೊಸ ಗಾಜ್ (ಗಾಯಕ್ಕೆ ಹಾಕುವ ತೆಳು ಬಟ್ಟೆ) ರೋಲುಗಳೆಲ್ಲ ಅಂಟಂಟಾಗಿದ್ದವು. ಇಡೀ ಪೆಟ್ಟಿಗೆಯಲ್ಲಿ ಕಳಿಸಲು ಯೋಗ್ಯವಾಗಿದ್ದದ್ದು ಆ ಗಾಜ್ ಮಾತ್ರ. ಅದೂ ಹಾಳಾಯಿತು.

ಹಾಗಾದ್ರೆ ಏನು ಕಳಿಸಬೇಕು?

ಆಸ್ಪತ್ರೆ ಕೇಳಿದ್ದನ್ನು. ಈ ಇಡೀ ಪುಟದಲ್ಲಿ ಇದೊಂದು ನೆನಪಿಟ್ಟುಕೊಂಡರೂ ಸಾಕು.

‘ಕೇಳುವುದು’ ಅಂದರೆ ಫೋನಿನಲ್ಲಿ ‘ಏನು ಕಳಿಸಿದರೂ ಆಗುತ್ತೆ’ ಅನ್ನಿಸಿಕೊಳ್ಳುವುದಲ್ಲ. ಪಾಪ, ಕೊಡುವವರ ಮುಖಕ್ಕೆ ಹೊಡೆದಂತೆ ‘ಇದು ಬೇಡ’ ಅನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನಾವು ಕಾಯುವುದು ಪತ್ರಕ್ಕೆ. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಬರೆದು, ಮುಖ್ಯ ವೈದ್ಯರು ಸಹಿ ಹಾಕಿ, ಮೊಹರು ಒತ್ತಿದ ಪತ್ರ. ಅದರಲ್ಲಿ ಆಸ್ಪತ್ರೆಯ 8 ಅಂಕಿಯ ನೋಂದಣಿ ಸಂಖ್ಯೆ ಇರುತ್ತದೆ. ಉಕ್ರೇನಿನಲ್ಲಿ ಪ್ರತಿ ಸಂಸ್ಥೆಗೂ ಅಂಥದ್ದೊಂದು ಸಂಖ್ಯೆ ಇದೆ, ಅದರಿಂದ ಆಸ್ಪತ್ರೆ ನಿಜವಾದದ್ದೇ ಅಂತ ಯಾರು ಬೇಕಾದರೂ ಪರೀಕ್ಷಿಸಬಹುದು. ಕೆಳಗೆ ಪಟ್ಟಿ: ಏನು, ಯಾವ ಸೈಜು, ಎಷ್ಟು.

ಈ ಪತ್ರ ಗಡಿಯಲ್ಲೂ ಬೇಕು. ಆದರೆ ಅದರ ದೊಡ್ಡ ಉಪಯೋಗ ಬೇರೆ. ಪಟ್ಟಿ ಬರೆಯುವವರು ವಾರ್ಡಿನ ನರ್ಸು ಮತ್ತು ಅಂಗಡಿಯಂತೆ ಸ್ಟೋರ್ ನೋಡಿಕೊಳ್ಳುವ ಫಾರ್ಮಸಿಸ್ಟು. ಕಪಾಟಿನಲ್ಲಿ ಏನು ಖಾಲಿಯಾಗಿದೆ ಅನ್ನುವುದು ಅವರಿಗೆ ಗೊತ್ತು. ನಮಗೆ, ನಿಮಗೆ, ಟಿವಿಯವರಿಗೆ ಗೊತ್ತಿಲ್ಲ. ಪಟ್ಟಿ ಇಲ್ಲದೆ ಕಳಿಸಿದರೆ ಮದುವೆ ಮನೆಗೆ ಎಲ್ಲರೂ ಗೋಡೆ ಗಡಿಯಾರ ತಂದ ಹಾಗಾಗುತ್ತದೆ.

ಈಗ ಯಾವುದಕ್ಕೆ ಬೇಡಿಕೆ ಜಾಸ್ತಿ?

ಕಾಲಕ್ಕೆ ತಕ್ಕಂತೆ ಬದಲಾಗುತ್ತಲೇ ಇದೆ. 2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಮಾಡಿದ ನಂತರದ ಮೊದಲ ವಾರಗಳಲ್ಲಿ ಗೋದಾಮಿನಿಂದ ಊರಿಗೆ ಸರಕು ಹೋಗುವುದೇ ನಿಂತಿತ್ತು. ಆಗ ಜನ ಹುಡುಕಿದ್ದು ಇನ್ಸುಲಿನ್, ಥೈರಾಯ್ಡ್ ಮಾತ್ರೆಯಂಥ ದಿನನಿತ್ಯದ ಔಷಧಗಳನ್ನು. ಅಕ್ಟೋಬರಿನಲ್ಲಿ ರಷ್ಯಾ ವಿದ್ಯುತ್ ಜಾಲದ ಮೇಲೆ ದಾಳಿ ಶುರು ಮಾಡಿತು. ಆಗ ಎಲ್ಲ ಆಸ್ಪತ್ರೆಗಳ ಪಟ್ಟಿಯ ಮೊದಲ ಸಾಲೂ ಜನರೇಟರ್. ಆಪರೇಷನ್ ನಡುವೆ ಕರೆಂಟ್ ಹೋದರೆ ಏನು ಗತಿ ಅಂತ ನೀವೇ ಯೋಚಿಸಿ.

ಈಗ ಯುದ್ಧ ಹಳತಾಗಿದೆ, ಗಾಯಗಳೂ ಹಳತಾಗಿವೆ. ಚೂರುಗಳು ಹೊಕ್ಕು ಮೂಳೆ ನುಚ್ಚಾದ ಕೈಕಾಲುಗಳಿಗೆ ಹೊರಗಿನಿಂದ ರಾಡು ಹಾಕಿ ಹಿಡಿದಿಡುವ ಫಿಕ್ಸೇಟರ್, ವಾಸಿಯಾಗದ ದೊಡ್ಡ ಗಾಯದಿಂದ ಕೀವು ಎಳೆಯುವ ವ್ಯಾಕ್ಯೂಮ್ ಪಂಪಿನ ಫೋಮು ಮತ್ತು ಡಬ್ಬಿ, ಸುಟ್ಟ ಗಾಯದ ಡ್ರೆಸಿಂಗು, ನಡೆಯಲು ಕಲಿಸುವ ವಾಕರ್. ಇವು ಪದೇ ಪದೇ ಬರುವ ಹೆಸರುಗಳು. ಜೊತೆಗೆ ಗ್ಲೌಸು, ಗಾಜ್, ಐವಿ ಸೆಟ್ ಅಂತೂ ಯಾವಾಗಲೂ ಇದ್ದದ್ದೇ. ಫೋಟೋದಲ್ಲಿ ಚೆನ್ನಾಗಿ ಕಾಣದ ವಸ್ತುಗಳಿಗೇ ಕೊರತೆ ಜಾಸ್ತಿ. ಡಯಾಪರಿಗೆ ದಾನಿಗಳನ್ನು ಹುಡುಕುವುದು ಎಷ್ಟು ಕಷ್ಟ ಗೊತ್ತಾ? ಆದರೆ ಬೆನ್ನುಹುರಿಗೆ ಏಟು ಬಿದ್ದವರ ವಾರ್ಡಿನಲ್ಲಿ ಅದಿಲ್ಲದೆ ದಿನ ಕಳೆಯುವುದಿಲ್ಲ.

ಟೂರ್ನಿಕೆಟ್ ಕಳಿಸೋಣ ಅಂತಿದ್ದೇವೆ. ಆನ್‌ಲೈನಲ್ಲಿ ತುಂಬಾ ಅಗ್ಗಕ್ಕೆ ಸಿಗ್ತಿದೆ, ತಗೊಳ್ಲಾ?

ದಯವಿಟ್ಟು ಬೇಡ. ರಕ್ತ ಚಿಮ್ಮುತ್ತಿರುವ ಕೈಗೋ ಕಾಲಿಗೋ ಪಟ್ಟಿ ಸುತ್ತಿ, ಅದರಲ್ಲಿರುವ ಕಡ್ಡಿಯನ್ನು ತಿರುಚಿ ಬಿಗಿ ಮಾಡುವುದು ಟೂರ್ನಿಕೆಟ್. ‘ಕ್ಯಾಟ್’ ಅಂತ ಕರೆಯುವ ಅಮೆರಿಕದ ಮಾದರಿ ಎಲ್ಲರಿಗೂ ಗೊತ್ತಿರುವಂಥದ್ದು. ಅಸಲಿಗೆ ಸುಮಾರು 30 ಡಾಲರ್ ಆಗುತ್ತದೆ. ನಕಲಿಯನ್ನು ಅದರ ಕಾಲು ಭಾಗಕ್ಕೂ ಕೊಡುತ್ತಾರೆ. ನೋಡಲು ಒಂದೇ ಥರ. ತಿರುಚಿದಾಗ ನಕಲಿಯ ಕಡ್ಡಿ ಬಾಗುತ್ತದೆ ಅಥವಾ ಲಟಕ್ ಅಂತ ಮುರಿಯುತ್ತದೆ, ವೆಲ್ಕ್ರೋ ಜಾರುತ್ತದೆ. ತೊಡೆಯ ರಕ್ತನಾಳ ತುಂಡಾದವನಿಗೆ ಇರುವುದು ಕೆಲವೇ ನಿಮಿಷ. ಆ ಹೊತ್ತಿನಲ್ಲಿ ಕಡ್ಡಿ ಮುರಿದರೆ ಟೂರ್ನಿಕೆಟ್ ಇಲ್ಲದಿರುವುದಕ್ಕಿಂತ ಕಡೆ.

ಇನ್ನೊಂದು ವಿಷಯ. ನೀಲಿ ಬಣ್ಣದ್ದು ಕಂಡರೆ ಅದು ತರಬೇತಿಗೆ ಮಾಡಿದ್ದು. ಮತ್ತೆ ಮತ್ತೆ ಬಿಗಿದು ಬಿಚ್ಚಿ ಅಭ್ಯಾಸ ಮಾಡಲು ಇರುವಂಥದ್ದು, ನಿಜವಾದ ಗಾಯಕ್ಕೆ ಅಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಆಸ್ಪತ್ರೆಗೆ ಅಂತ ಕೊಡುವವರು ಟೂರ್ನಿಕೆಟ್ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದು ಆಸ್ಪತ್ರೆ ಮುಟ್ಟುವ ಮುಂಚಿನ ಸಾಧನ, ಆಂಬುಲೆನ್ಸ್ ಮತ್ತು ರಕ್ಷಣಾ ತಂಡದವರಿಗೆ ಬೇಕಾದ್ದು. ಡ್ರೋನ್ ಕಾಟದಿಂದ ಗಾಯಾಳುವನ್ನು ಸಾಗಿಸುವುದು ತಡವಾಗಿ, ಬಿಗಿದ ಪಟ್ಟಿ ಎರಡು ಗಂಟೆಗಿಂತ ತುಂಬಾ ಜಾಸ್ತಿ ಹೊತ್ತು ಹಾಗೇ ಉಳಿದು ಕಾಲನ್ನೇ ಕಳೆದುಕೊಂಡವರಿದ್ದಾರೆ. ಅವರು ಆಸ್ಪತ್ರೆಗೆ ಬಂದ ಮೇಲೆ ಏನೇನು ಬೇಕಾಗುತ್ತದೋ ಅದಕ್ಕೆ ದುಡ್ಡು ಹಾಕಿ.

ಪ್ಯಾಕೆಟ್ ಮೇಲೆ ಏನು ನೋಡಬೇಕು?

ಎಲ್ಲ ಭಾಷೆಯವರಿಗೂ ತಿಳಿಯಲಿ ಅಂತ ವೈದ್ಯಕೀಯ ಪ್ಯಾಕೆಟ್‌ಗಳ ಮೇಲೆ ಚಿಕ್ಕ ಚಿಕ್ಕ ಚಿತ್ರ ಹಾಕಿರುತ್ತಾರೆ. ಒಂದು ಸಿರಿಂಜ್ ಕೈಯಲ್ಲಿ ಹಿಡಿದು ನೋಡಿ. ಮರಳು ಗಡಿಯಾರದ ಚಿತ್ರ ಇದ್ದರೆ ಅದರ ಪಕ್ಕದ್ದು ಎಕ್ಸ್‌ಪೈರಿ ದಿನಾಂಕ. ಕಾರ್ಖಾನೆಯ ಚಿತ್ರದ ಪಕ್ಕದ್ದು ತಯಾರಾದ ದಿನಾಂಕ. ತುಂಬಾ ಜನ ಇವೆರಡನ್ನೂ ಅದಲು ಬದಲು ಮಾಡುತ್ತಾರೆ. 2 ಅಂಕಿಯನ್ನು ಅಡ್ಡಗೆರೆ ಎಳೆದು ಹೊಡೆದಿದ್ದರೆ ಒಮ್ಮೆ ಮಾತ್ರ ಬಳಸಬೇಕು ಅಂತ ಅರ್ಥ. ಛತ್ರಿ ಚಿತ್ರ ಇದ್ದರೆ ನೀರು ತಾಗಬಾರದು.

ಔಷಧವಾದರೆ ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಾವು ಸಿರಿಂಜ್, ಡ್ರೆಸಿಂಗಿಗೂ ಅದೇ ಲೆಕ್ಕ ಇಟ್ಟುಕೊಂಡಿದ್ದೇವೆ. ‘ಎಕ್ಸ್‌ಪೈರಿ ಆಗಿ ಒಂದೇ ತಿಂಗಳು, ಏನಾಗುತ್ತೆ ಬಿಡಿ’ ಅಂತ ವಾದ ಮಾಡುವವರು ಸಿಗುತ್ತಾರೆ. ನಿಮ್ಮೂರ ಆಸ್ಪತ್ರೆಯಲ್ಲಿ ನಿಮ್ಮ ಮಗುವಿಗೆ ಅದನ್ನು ಹಾಕಲು ಬಿಡ್ತೀರಾ? ಇಲ್ಲ ಅಂದರೆ ಅಲ್ಲಿಗೂ ಇಲ್ಲ. 2024ರ ಕೊನೆಯಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ನಂತರ ಐವಿ ದ್ರಾವಣದ ಗುಣಮಟ್ಟದ ಬಗ್ಗೆ ಕರ್ನಾಟಕದಲ್ಲಿ ಎಷ್ಟು ಗಲಾಟೆ ಆಯಿತು ಅಂತ ನೆನಪಿದೆಯಲ್ವಾ. ನಮಗೆ ಒಂದು ಮಟ್ಟ, ಅವರಿಗೆ ಇನ್ನೊಂದು ಮಟ್ಟ ಅನ್ನುವಂತಿಲ್ಲ.

‘ಕ್ಯಾಥೆಟರ್ 50’ ಅಂತ ಬರೆದು ಕಳಿಸಿದ್ದೆ, ಯಾಕೆ ಮತ್ತೆ ಸೈಜು ಕೇಳ್ತಿದ್ದೀರಿ?

ಯಾಕಂದರೆ ಸೈಜಿಲ್ಲದ ಕ್ಯಾಥೆಟರ್ ಅನ್ನುವುದೇ ಇಲ್ಲ. ಮೂತ್ರದ ಕ್ಯಾಥೆಟರ್ ಅಳತೆ ‘ಫ್ರೆಂಚ್’ ಲೆಕ್ಕದಲ್ಲಿ, 3 ಫ್ರೆಂಚ್ ಅಂದರೆ 1 ಮಿಲಿಮೀಟರ್. ದೊಡ್ಡವರಿಗೆ ಸಾಮಾನ್ಯವಾಗಿ 14, 16, 18. ನೀವು ಕಳಿಸಿದ್ದು 8 ಆದರೆ ಅದು ಮಕ್ಕಳದ್ದು. ಸೂಜಿಯ ‘ಗೇಜ್’ ಉಲ್ಟಾ. ಅಂಕಿ ದೊಡ್ಡದಾದಷ್ಟೂ ಸೂಜಿ ಸಣ್ಣ. ಟ್ರಾಮಾ ವಾರ್ಡಿನವರು ರಕ್ತ ಬೇಗ ಏರಿಸಲು 14, 16 ಗೇಜಿನ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ) ಕೇಳಿದಾಗ ಜನ ‘ಅಂಕಿ ಜಾಸ್ತಿ ಇದ್ದರೆ ಒಳ್ಳೇದಲ್ವಾ’ ಅಂತ 24 ತಂದುಬಿಡುತ್ತಾರೆ. ಅದು ಹಸುಗೂಸಿನ ನರಕ್ಕೆ ಹಾಕುವಂಥದ್ದು.

ಸರ್ಜನ್ ಗ್ಲೌಸು ಆರೂವರೆ, ಏಳು, ಏಳೂವರೆ, ಎಂಟು ಅಂತ ಬರುತ್ತದೆ. ಅವೆಲ್ಲ ಜೋಡಿ ಜೋಡಿಯಾಗಿ, ಸ್ಟೆರೈಲ್ ಪ್ಯಾಕಿನಲ್ಲಿ. ಡಬ್ಬದಿಂದ ಎಳೆದು ಹಾಕಿಕೊಳ್ಳುವ ನೈಟ್ರೈಲ್ ಗ್ಲೌಸು ಬೇರೆ. ಎರಡೂ ಬೇಕು, ಆದರೆ ಒಂದರ ಬದಲು ಇನ್ನೊಂದು ಆಗುವುದಿಲ್ಲ.

ನಮ್ಮ ನರ್ಸಿಂಗ್ ಹೋಮಿನಲ್ಲಿ ಹಳೆಯ ಯಂತ್ರಗಳಿವೆ. ಕೊಡಬಹುದಾ?

ಬಹುದು, ಆದರೆ ಮೊದಲು ಇಷ್ಟಕ್ಕೆ ಉತ್ತರ ಹೇಳಿ. ಈಗಲೂ ಕೆಲಸ ಮಾಡುತ್ತಾ? ಅದರ ಬಿಡಿಭಾಗ ಈಗಲೂ ತಯಾರಾಗುತ್ತಾ? ಪುಸ್ತಕ ಇದೆಯಾ? ಸೆಟ್ಟಿಂಗ್ ಬದಲಿಸಲು ಪಾಸ್‌ವರ್ಡ್ ಬೇಕಾದರೆ ಅದು ಗೊತ್ತಾ? ಅದಕ್ಕೆ ಹಾಕುವ ಪೇಪರ್ ರೋಲು, ಫಿಲ್ಟರು, ಟ್ಯೂಬು ಬೇರೆ ಕಂಪನಿಯದ್ದು ಹೊಂದುತ್ತಾ?

ಬಡ ದೇಶಗಳ ಆಸ್ಪತ್ರೆಗಳಲ್ಲಿ ಸುಮಾರು 40% ಉಪಕರಣ ಕೆಟ್ಟು ಕೂತಿರುತ್ತದೆ ಅಂತ 2011ರಲ್ಲಿ ಬಂದ ಒಂದು ಅಧ್ಯಯನ ಹೇಳಿತ್ತು. ಉಕ್ರೇನ್ ಆ ಸಾಲಿನ ದೇಶವಲ್ಲ. ಅಲ್ಲಿ ಒಳ್ಳೆಯ ಎಂಜಿನಿಯರುಗಳಿದ್ದಾರೆ, ರಿಪೇರಿ ಬಲ್ಲವರಿದ್ದಾರೆ. ಆದರೂ ಮೈಮೇಲೆ ಆಡಿಸುವ ಪ್ರೋಬ್ ಇಲ್ಲದ ಅಲ್ಟ್ರಾಸೌಂಡ್ ಯಂತ್ರವನ್ನು ಯಾವ ಎಂಜಿನಿಯರೂ ಓಡಿಸಲಾರ. ಅಂಥದ್ದೊಂದು ಒಮ್ಮೆ ನಮ್ಮ ಕೈಗೂ ಬಂದಿತ್ತು. ಪರದೆ ಫಳಫಳ ಅಂತಿತ್ತು. ಪ್ರೋಬ್ ಎಲ್ಲಿ ಅಂತ ಕೇಳಿದರೆ, ಅದನ್ನು ಹೊಸ ಯಂತ್ರಕ್ಕೆ ಇಟ್ಟುಕೊಂಡಿದ್ದೇವೆ ಅಂತ ಉತ್ತರ. ಹೊಸ ಪ್ರೋಬ್ ಕೊಳ್ಳುವ ದುಡ್ಡಿಗೆ ಇನ್ನೊಂದು ಬಳಸಿದ ಯಂತ್ರವೇ ಬರುತ್ತದೆ.

ಕರೆಂಟಿನ ವಿಷಯ. ಭಾರತದಂತೆ ಉಕ್ರೇನಿನಲ್ಲೂ 230 ವೋಲ್ಟ್, 50 ಹರ್ಟ್ಜ್. ಹಾಗಾಗಿ ಭಾರತದ ಯಂತ್ರ ಆ ಮಟ್ಟಿಗೆ ಹೊಂದುತ್ತದೆ. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಜ್, ನೇರ ಚುಚ್ಚಿದರೆ ಸುಟ್ಟೇ ಹೋಗಬಹುದು. ಪಿನ್ನು ಮಾತ್ರ ನಮ್ಮದಲ್ಲ, ಯುರೋಪಿನದು. ಅದಕ್ಕೆ ಅಂಗಡಿಯಲ್ಲಿ ಸಿಗುವ ಪ್ರವಾಸಿಗಳ ಅಡಾಪ್ಟರ್ ಸಿಕ್ಕಿಸಿ ಕಳಿಸಬೇಡಿ. ಅದರಲ್ಲಿ ಅರ್ತಿಂಗ್ ಇರುವುದೇ ಅಪರೂಪ, ರೋಗಿಯ ಮೈಗೆ ತಂತಿ ಹಚ್ಚುವ ಯಂತ್ರಕ್ಕೆ ಅರ್ತಿಂಗ್ ಇಲ್ಲದಿದ್ದರೆ ಅಪಾಯ. ಕೇಬಲ್ಲನ್ನೇ ಬದಲಿಸಿ.

ಆ್ಯಂಟಿಬಯೋಟಿಕ್, ನೋವಿನ ಔಷಧ ತುಂಬಾ ಬೇಕಿರುತ್ತಲ್ವಾ?

ಬೇಕು. ಆದರೆ ನಮ್ಮಂಥವರ ಮೂಲಕ ಅಲ್ಲ.

ನೋವಿನ ಔಷಧದ ಮಾತು ಮೊದಲು. ಮಾರ್ಫಿನ್, ಫೆಂಟನಿಲ್, ಕೆಟಮಿನ್ ಇಂಥವು ಗಡಿ ದಾಟಬೇಕಾದರೆ ಸರ್ಕಾರಗಳ ಅನುಮತಿ ಬೇಕು. ಭಾರತದಲ್ಲಿ ಕೆಟಮಿನ್ 2011ರಿಂದ, ಟ್ರಮಡಾಲ್ 2018ರಿಂದ ಮಾದಕವಸ್ತು ಕಾನೂನಿನ ಕೆಳಗೆ ಬಂದಿವೆ. ಬೆನ್ನುನೋವಿಗೆ ಡಾಕ್ಟರ್ ಬರೆದುಕೊಟ್ಟ ಟ್ರಮಡಾಲ್ ಸ್ಟ್ರಿಪ್ಪನ್ನು ‘ಅಲ್ಲಿ ಯಾರಿಗಾದರೂ ಉಪಯೋಗ ಆಗಲಿ’ ಅಂತ ಪೆಟ್ಟಿಗೆಯ ಮೂಲೆಯಲ್ಲಿ ತುರುಕಿದರೆ, ವ್ಯಾನು ಓಡಿಸುವ ಹುಡುಗನ ಮೇಲೆ ಕೇಸು ಬೀಳುತ್ತದೆ. ಪೆಟ್ಟಿಗೆಯ ಜೊತೆ ಇಡೀ ವ್ಯಾನೂ ನಿಲ್ಲುತ್ತದೆ.

ಆ್ಯಂಟಿಬಯೋಟಿಕ್ ಕಥೆ ಬೇರೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಉಕ್ರೇನಿನ ವಿನ್ನಿತ್ಸಿಯಾ ನಗರದ ವೈದ್ಯರ ಜೊತೆ ಸೇರಿ ಅಲ್ಲಿನ ಗಾಯಾಳುಗಳ ಸೋಂಕನ್ನು ಪರೀಕ್ಷಿಸಿ 2023ರಲ್ಲಿ ವರದಿ ಕೊಟ್ಟರು. ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಕೆಲವು ಮಾದರಿಗಳು ಅವರು ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗಲಿಲ್ಲ. ಇಂಥ ಕಡೆ ಸಿಕ್ಕ ಸಿಕ್ಕ ಆ್ಯಂಟಿಬಯೋಟಿಕ್ ಸುರಿದರೆ ಆಗುವುದು ಕೇಡೇ. ಲ್ಯಾಬಿನಲ್ಲಿ ಯಾವ ಔಷಧಕ್ಕೆ ಬಗ್ಗುತ್ತದೆ ಅಂತ ಪರೀಕ್ಷೆ ಮಾಡುವ ಸಾಮಗ್ರಿ ಕೇಳಿದರೆ ಕೊಡಿ, ಅದು ನಿಜಕ್ಕೂ ಉಪಕಾರ.

ಅದಲ್ಲದೆ ಯುರೋಪಿಯನ್ ಒಕ್ಕೂಟದಿಂದ ಔಷಧ ಹೊರಗೆ ಕಳಿಸಲು ಸಗಟು ಪರವಾನಗಿ ಬೇಕು, ಅದು ನಮಗಿಲ್ಲ. ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು, ನಮ್ಮ ವ್ಯಾನಿನಲ್ಲಿ ಫ್ರಿಜ್ ಇಲ್ಲ. ಹಾಗಾಗಿ ಔಷಧವನ್ನು ಪರವಾನಗಿ ಇರುವ ದೊಡ್ಡ ಸಂಸ್ಥೆಗಳಿಗೆ ಬಿಟ್ಟಿದ್ದೇವೆ.

ಬೆಂಗಳೂರಿನಿಂದಲೇ ಸಾಮಾನು ಕೊಂಡು ಕಳಿಸಿದರೆ ಅಗ್ಗ ಅಲ್ವಾ?

ಕೊಳ್ಳುವಾಗ ಅಗ್ಗ. ವಿಮಾನದ ಸರಕು ಬಾಡಿಗೆ, ಕಸ್ಟಮ್ಸ್, ಏಜೆಂಟ್ ಎಲ್ಲ ಸೇರಿಸಿ ಲೆಕ್ಕ ಹಾಕಿ. ಹಗುರವಾದ ಗಾಜ್, ಡಯಾಪರ್‌ಗೆ ಜಾಗವೇ ಜಾಸ್ತಿ ಹಿಡಿಯುತ್ತದೆ, ಬಾಡಿಗೆ ಆ ಜಾಗಕ್ಕೆ ಬೀಳುತ್ತದೆ. ಇಂಥದ್ದನ್ನು ಪೋಲೆಂಡಿನಲ್ಲೇ ಕೊಳ್ಳುವುದು ವಾಸಿ. ಮೂಳೆಯ ಇಂಪ್ಲಾಂಟು, ಫಿಕ್ಸೇಟರಿನಂಥ ಚಿಕ್ಕದಾದ, ಬೆಲೆಬಾಳುವ ವಸ್ತುವಾದರೆ ಯೋಚಿಸಬಹುದು. ಆದರೆ ಅದಕ್ಕೆ ಸಿಇ ಗುರುತು, ಅಂದರೆ ಯುರೋಪಿನ ನಿಯಮಕ್ಕೆ ಹೊಂದುತ್ತದೆ ಅನ್ನುವ ಗುರುತು ಇರಲಿ.

ಊರಿಂದ ಬರುವವರ ಸೂಟ್‌ಕೇಸಿನಲ್ಲಿ ಕಳಿಸ್ತೀವಿ ಅಂತ ಕೇಳುವವರೂ ಇದ್ದಾರೆ. ಯುರೋಪಿಗೆ ವಿಮಾನದಲ್ಲಿ ಬರುವವರಿಗೆ ಸುಂಕವಿಲ್ಲದೆ ಬಿಡುವುದು 430 ಯೂರೋವರೆಗಿನ ಸಾಮಾನಿಗೆ, ಅದೂ ಸ್ವಂತ ಬಳಕೆಗೋ ಉಡುಗೊರೆಗೋ ಇದ್ದರೆ. ಒಂದು ಪೆಟ್ಟಿಗೆ ಸೂಜಿ ಹಿಡಿದು ಕಸ್ಟಮ್ಸ್ ಮುಂದೆ ನಿಂತು ಕಥೆ ಹೇಳುವ ಪಾಡು ಅಮ್ಮ-ಅಪ್ಪನಿಗೆ ಯಾಕೆ?

ಹಾಗಿದ್ರೆ ದುಡ್ಡೇ ಕೊಡ್ತೀವಿ. ಭಾರತದಿಂದ ಕಳಿಸೋಕೆ ಕಾನೂನಿದೆಯಾ? ತೆರಿಗೆ ವಿನಾಯಿತಿ ಸಿಗುತ್ತಾ?

ದುಡ್ಡೇ ಎಲ್ಲಕ್ಕಿಂತ ಒಳ್ಳೆಯದು. ಪಟ್ಟಿಯಲ್ಲಿ ಇರುವುದನ್ನೇ, ಬೇಕಾದ ಸೈಜಿನಲ್ಲಿ, ಗಡಿಯ ಹತ್ತಿರವೇ ಕೊಳ್ಳಬಹುದು.

ಭಾರತದಲ್ಲಿರುವವರು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಂದು ಹಣಕಾಸು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ದಾನವೂ ಅದರೊಳಗೆ ಬರುತ್ತದೆ. ಬ್ಯಾಂಕಿನಲ್ಲಿ ಉದ್ದೇಶ ಬರೆದುಕೊಡಬೇಕು. ದಾನದ ಮೇಲಿನ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಅದು ಭಾರತದ ಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ಮಾತ್ರ. ನಿಮ್ಮ ಸಂಘವೋ ಟ್ರಸ್ಟೋ ಕೊಡುವುದಾದರೆ ಇನ್ನೂ ಹುಷಾರು. ಟ್ರಸ್ಟಿನ ದುಡ್ಡು ದೇಶದ ಹೊರಗೆ ಖರ್ಚಾದರೆ ತೆರಿಗೆ ವಿನಾಯಿತಿ ತಾನಾಗಿ ಬರುವುದಿಲ್ಲ, ಕೇಂದ್ರ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಬೇಕು. ಮೊದಲು ನಿಮ್ಮ ಆಡಿಟರ್ ಹತ್ತಿರ ಮಾತಾಡಿ. ವಿದೇಶಿ ದೇಣಿಗೆ ಕಾನೂನಿನ ಬಗ್ಗೆ ಕೇಳುತ್ತೀರಿ, ಅದು ಹೊರಗಿಂದ ಒಳಗೆ ಬರುವ ಹಣಕ್ಕೆ, ಒಳಗಿಂದ ಹೊರಗೆ ಹೋಗುವುದಕ್ಕಲ್ಲ.

ಸಾಮಾನು ಅಲ್ಲಿಗೆ ಹೇಗೆ ಹೋಗುತ್ತೆ?

ರಸ್ತೆಯಲ್ಲಿ. ಯುದ್ಧ ಶುರುವಾದ ದಿನದಿಂದ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಕ್ರಾಕೋವ್‌ನಿಂದ ಸುಮಾರು 250 ಕಿ.ಮೀ. ಪೂರ್ವಕ್ಕೆ ಹೋದರೆ ಗಡಿ. ಮೆದಿಕಾ, ಕೊರ್ಚೋವಾ ಇವು ಪೋಲೆಂಡ್ ಕಡೆಯ ದಾರಿಗಳು. ಅಲ್ಲಿಂದ ಪಶ್ಚಿಮ ಉಕ್ರೇನಿನ ಲ್ವಿವ್ ನಗರ ಹತ್ತಿರ. ಆದರೆ ಲ್ವಿವ್‌ನಿಂದ ಪೂರ್ವದ ಖಾರ್ಕಿವ್ ಇನ್ನೂ 1,000 ಕಿ.ಮೀ. ಆಚೆ. ಬೆಂಗಳೂರಿನಿಂದ ಮುಂಬೈಗೆ ಹೋದಷ್ಟು.

ನಮ್ಮ ವ್ಯಾನು ಲ್ವಿವ್‌ನಲ್ಲಿ ನಿಲ್ಲುತ್ತದೆ. ಮುಂದಿನದ್ದು ಅಲ್ಲಿನ ಸ್ವಯಂಸೇವಕರ ಕೆಲಸ. ಎಷ್ಟೋ ಪೆಟ್ಟಿಗೆಗಳು ‘ನೋವಾ ಪೋಷ್ತಾ’ ಅನ್ನುವ ಖಾಸಗಿ ಕೊರಿಯರ್‌ನಲ್ಲಿ ಹೋಗುತ್ತವೆ. ಯುದ್ಧದ ನಡುವೆಯೂ ಆ ಕೊರಿಯರ್ ಓಡುವ ರೀತಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಕಾಗದಪತ್ರದ ವಿಷಯಕ್ಕೆ ಬಂದರೆ, ಮೊದಲೆಲ್ಲ ಗಡಿಯಲ್ಲೇ ಒಂದು ಹಾಳೆ ತುಂಬಿಕೊಟ್ಟರೆ ಬಿಡುತ್ತಿದ್ದರು. ಹೆಸರಿಗೆ ನೆರವು, ಒಳಗೆ ಮಾರಾಟದ ಸರಕು ಅನ್ನುವ ಕಳ್ಳಾಟವೂ ನಡೆಯಿತು. 2023ರ ಡಿಸೆಂಬರ್‌ನಿಂದ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಉಕ್ರೇನಿನಲ್ಲಿ ಪಡೆಯುವವರು ಮೊದಲೇ ನೋಂದಾಯಿಸಿ, ಪ್ರತಿ ಲೋಡಿಗೂ ಘೋಷಣೆ ತುಂಬಿ, ಕೋಡ್ ತೆಗೆದು ನಮಗೆ ಕಳಿಸಬೇಕು. ನಂತರ ಯಾರಿಗೆ ಎಷ್ಟು ಕೊಟ್ಟೆವು ಅಂತ ವರದಿಯನ್ನೂ ಹಾಕಬೇಕು. ಸ್ವಯಂಸೇವಕರು ಬೈದುಕೊಳ್ಳುತ್ತಲೇ ತುಂಬುತ್ತಾರೆ. ನಮ್ಮ ಕೈಯಲ್ಲಿ ಇರಬೇಕಾದ್ದು ದಾನಪತ್ರ ಮತ್ತು ಪ್ಯಾಕಿಂಗ್ ಲಿಸ್ಟ್. ಅದರಲ್ಲಿ ‘ವೈದ್ಯಕೀಯ ವಸ್ತುಗಳು, 20 ಪೆಟ್ಟಿಗೆ’ ಅಂತ ಬರೆದರೆ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿ ಎಣಿಸುವುದು ಖಂಡಿತ.

ತಲುಪಿದ್ದಕ್ಕೆ ಏನು ಸಾಕ್ಷಿ?

ಹಸ್ತಾಂತರ ಪತ್ರ. ಆಸ್ಪತ್ರೆಯವರು ಪಡೆದ ವಸ್ತುಗಳನ್ನು ಎಣಿಸಿ, ಬರೆದು, ಸಹಿ ಮತ್ತು ಮೊಹರು ಹಾಕಿ ಕೊಡುತ್ತಾರೆ. ದಾನಿಗಳಿಗೆ ಅದರ ಪ್ರತಿ ಕಳಿಸುತ್ತೇವೆ.

ಫೋಟೋ ಕೇಳಬೇಡಿ ಅನ್ನುವುದಿಲ್ಲ, ಆದರೆ ತಕ್ಷಣ ಕೇಳಬೇಡಿ, ಎಲ್ಲಿಯದು ಅಂತ ಹಾಕಬೇಡಿ. ಆಸ್ಪತ್ರೆಗಳ ಮೇಲೆ, ಆಂಬುಲೆನ್ಸ್‌ಗಳ ಮೇಲೆ, ಅಲ್ಲಿನ ಸಿಬ್ಬಂದಿಯ ಮೇಲೆ 2,000ಕ್ಕೂ ಹೆಚ್ಚು ದಾಳಿಗಳನ್ನು ವಿಶ್ವ ಆರೋಗ್ಯ ಸಂಸ್ಥೆ ದಾಖಲಿಸಿದೆ. 2022ರ ಮಾರ್ಚ್ 9ರಂದು ಮರಿಯುಪೋಲ್‌ನ ಹೆರಿಗೆ ಆಸ್ಪತ್ರೆ, 2024ರ ಜುಲೈ 8ರಂದು ಕೀವ್‌ನ ಓಖ್ಮತ್ದಿತ್ ಮಕ್ಕಳ ಆಸ್ಪತ್ರೆ, ಇವೆರಡು ಎಲ್ಲರೂ ನೋಡಿದ್ದು. ಗಡಿ ಹತ್ತಿರದ ಊರಿನ ಗೋದಾಮಿನ ಬಾಗಿಲು, ರಸ್ತೆ ಬೋರ್ಡು ಕಾಣುವ ಫೋಟೋ ಫೇಸ್‌ಬುಕ್ಕಿಗೆ ಹಾಕಿ ಲೈಕ್ ಎಣಿಸುವ ಆಸೆ ಬಿಡಿ. ರೋಗಿಗಳ ಮುಖವಂತೂ ಬೇಡವೇ ಬೇಡ.

ಇದು ಸೈನ್ಯಕ್ಕೆ ಹೋಗಲ್ಲ ತಾನೆ? ನೀವು ಯಾರ ಪರ?

ನಾವು ಕಳಿಸುವುದು ನಾಗರಿಕ ಆಸ್ಪತ್ರೆಗಳಿಗೆ. ಆ ಆಸ್ಪತ್ರೆಗಳಿಗೆ ಸೈನಿಕರೂ ಬರುತ್ತಾರೆ. ಗಾಯಗೊಂಡು ಮಂಚದ ಮೇಲೆ ಮಲಗಿದವನು ಯಾವ ಬಟ್ಟೆ ತೊಟ್ಟಿದ್ದ ಅಂತ ನೋಡದೆ ಚಿಕಿತ್ಸೆ ಕೊಡಬೇಕು ಅನ್ನುವುದೇ 1949ರ ಜಿನೀವಾ ಒಪ್ಪಂದ. ಸೆರೆಸಿಕ್ಕ ಶತ್ರುವಿಗೂ ಅದೇ ಮಾತು. ಹಾಗಾಗಿ ‘ಒಂದು ಬ್ಯಾಂಡೇಜೂ ಸೈನಿಕನಿಗೆ ಹೋಗಲ್ಲ’ ಅಂತ ನಾವು ಬರೆದುಕೊಡುವುದಿಲ್ಲ. ಅದು ನಿಮಗೆ ಒಪ್ಪಿಗೆಯಾಗದಿದ್ದರೆ ಬೇರೆ ಕಡೆ ಕೊಡಿ, ಬೇಜಾರಿಲ್ಲ.

ಭಾರತ ಸರ್ಕಾರವೂ ಎರಡೂ ಕಡೆ ಮಾತಾಡಿಕೊಂಡೇ ಉಕ್ರೇನಿಗೆ ಔಷಧ ಕಳಿಸಿದೆ. 2024ರ ಆಗಸ್ಟ್ 23ರಂದು ಪ್ರಧಾನಿ ಕೀವ್‌ಗೆ ಹೋದಾಗ ನಾಲ್ಕು ‘ಭೀಷ್ಮ್’ ಕ್ಯೂಬುಗಳನ್ನು ಕೊಟ್ಟರು. ಒಂದೊಂದರಲ್ಲೂ ಸುಮಾರು 200 ಜನಕ್ಕೆ ಆಗುವ ತುರ್ತು ಚಿಕಿತ್ಸೆಯ ಸಾಮಗ್ರಿ. ಇನ್ನೂ ಹಿಂದಕ್ಕೆ ಹೋದರೆ 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಭಾರತದ ಜನ ಚಂದಾ ಎತ್ತಿ, ಐವರು ವೈದ್ಯರನ್ನು ಕಳಿಸಿದ್ದರು. ಅವರಲ್ಲಿ ಒಬ್ಬರು ನಮ್ಮ ಗಡಿಯಂಚಿನ ಸೊಲ್ಲಾಪುರದ ದ್ವಾರಕಾನಾಥ ಕೊಟ್ನಿಸ್. ಆಗ ನಾವೇ ಇನ್ನೂ ಬ್ರಿಟಿಷರ ಕೈಕೆಳಗಿದ್ದೆವು.

ನಮ್ಮ ತಾಲೂಕು ಆಸ್ಪತ್ರೆಯಲ್ಲೇ ಔಷಧ ಇಲ್ಲ. ಮೊದಲು ಅಲ್ಲಿಗೆ ಕೊಡಬಾರದಾ?

ಕೊಡಿ. ಒಂದು ರೂಪಾಯಿಯೂ ಅಲ್ಲಿಂದ ಕಿತ್ತು ಇಲ್ಲಿಗೆ ಹಾಕಿ ಅಂತ ನಾವು ಹೇಳಲ್ಲ. ಅಲ್ಲಿಗೂ ಇದೇ ರೀತಿ: ಮೊದಲು ವೈದ್ಯಾಧಿಕಾರಿಯನ್ನು ಕಂಡು ಪಟ್ಟಿ ಕೇಳಿ. 2021ರ ಎರಡನೇ ಅಲೆಯಲ್ಲಿ ಹೊರದೇಶದವರು ನಮಗೆ ಆಕ್ಸಿಜನ್ ಕಾನ್ಸಂಟ್ರೇಟರ್ ಕಳಿಸಿದಾಗ ಅವರ ದೇಶದಲ್ಲಿ ಕಷ್ಟವೇ ಇರಲಿಲ್ಲ ಅಂತೇನಲ್ಲ.

ಕೆಲವರಿಗೆ ಉಕ್ರೇನ್ ದೂರದ ದೇಶವೂ ಅಲ್ಲ. ನಮ್ಮ ಎಷ್ಟೋ ಮಕ್ಕಳು ಖಾರ್ಕಿವ್, ವಿನ್ನಿತ್ಸಿಯಾದ ಕಾಲೇಜುಗಳಲ್ಲಿ ಎಂಬಿಬಿಎಸ್ ಓದಿದ್ದಾರೆ, ಆ ಊರುಗಳ ಆಸ್ಪತ್ರೆಗಳಲ್ಲೇ ರೋಗಿಗಳನ್ನು ಮುಟ್ಟಿ ಕಲಿತಿದ್ದಾರೆ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನು ತರಲು ಹೋಗಿ ಶೆಲ್ ದಾಳಿಗೆ ಬಲಿಯಾದ ವಿದ್ಯಾರ್ಥಿ ಹಾವೇರಿ ಜಿಲ್ಲೆಯವನು. ಅವನ ದೇಹವನ್ನು ಮನೆಯವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು.

ನಾನು ಡಾಕ್ಟರ್ ಅಲ್ಲ, ದುಡ್ಡೂ ಇಲ್ಲ. ಏನಾದ್ರೂ ಮಾಡಬಹುದಾ?

ಉಕ್ರೇನಿನಲ್ಲಿ ಓದಿ ಬಂದವರಾದರೆ ನೀವೇ ನಮಗೆ ಬೇಕಾದವರು! ಪಟ್ಟಿಗಳು ಉಕ್ರೇನಿಯನ್‌ನಲ್ಲಿ, ಕೆಲವೊಮ್ಮೆ ಕೈಬರಹದಲ್ಲಿ ಬರುತ್ತವೆ. ಕಂಪ್ಯೂಟರ್ ಅನುವಾದ ಗಾಯದಿಂದ ದ್ರವ ಹೊರಗೆ ಬಿಡುವ ಕೊಳವೆಯಾದ ಡ್ರೇನಿನ ಹೆಸರನ್ನು ಚರಂಡಿ ಮಾಡಿಬಿಡುತ್ತದೆ. ಅದನ್ನು ಸರಿಪಡಿಸಿ, ಸೈಜು ಬಿಟ್ಟಿದ್ದರೆ ವಾರ್ಡಿಗೆ ಫೋನ್ ಮಾಡಿ ಕೇಳುವ ಕೆಲಸವನ್ನು ಹುಬ್ಬಳ್ಳಿಯಲ್ಲಿ ಕೂತೇ ಮಾಡಬಹುದು. ನೀವೇ ಅಲ್ಲಿಗೆ ಹೊರಡುತ್ತೇನೆ ಅನ್ನಬೇಡಿ. ಭಾಷೆ, ಪರವಾನಗಿ ಎರಡೂ ಇಲ್ಲದವರನ್ನು ಸೈರನ್ ಕೂಗಿದಾಗ ಬಂಕರಿಗೆ ಕರೆದುಕೊಂಡು ಹೋಗುವ ಕೆಲಸ ಅಲ್ಲಿನವರಿಗೇ ಬೀಳುತ್ತದೆ.

ಸುಡಾನ್‌ಗೆ, ಗಾಜಾಕ್ಕೆ ಯಾಕೆ ಕಳಿಸಲ್ಲ?

ಅಲ್ಲಿನ ಕಷ್ಟ ಕಡಿಮೆ ಅಂತ ಅಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನ್ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡಿದ್ದರು, ಹಾಗಾಗಿ ಕರ್ನಾಟಕಕ್ಕೆ ಆ ಸಂಬಂಧವೂ ಇದೆ. ಆದರೆ ವ್ಯಾನಿನಲ್ಲಿ ತುಂಬಿಕೊಂಡು ಹೋಗುವ ದಾರಿ ಅಲ್ಲಿಲ್ಲ. ಸುಡಾನಿನಲ್ಲಿ ನೆರೆಹೊರೆಯ ಯುವಕರೇ ಕಟ್ಟಿದ ತುರ್ತು ನೆರವಿನ ಗುಂಪುಗಳು ಮತ್ತು ಹೊರದೇಶದಲ್ಲಿರುವ ಸುಡಾನಿ ವೈದ್ಯರ ಸಂಘಗಳು ಕೆಲಸ ಮಾಡುತ್ತಿವೆ, ದುಡ್ಡು ಅವರಿಗೆ ಕೊಡಿ. ಗಾಜಾದೊಳಗೆ ಏನು ಹೋಗಬೇಕು ಅನ್ನುವುದು ಇಸ್ರೇಲ್ ಕೈಯಲ್ಲಿದೆ, ನಮ್ಮಂಥ ಚಿಕ್ಕ ಗುಂಪುಗಳಿಗೆ ಬಾಗಿಲೇ ಇಲ್ಲ.

ಪೆಟ್ಟಿಗೆ ಹೇಗೆ ಕಟ್ಟಬೇಕು?

ಒಂದು ಪೆಟ್ಟಿಗೆಯಲ್ಲಿ ಒಂದೇ ಥರದ ವಸ್ತು. ಗಾಜ್ ಅಂದರೆ ಪೂರ್ತಿ ಗಾಜ್. ಬೆರಕೆ ಮಾಡಿದರೆ ಬಿಚ್ಚಿ ವಿಂಗಡಿಸುವುದರಲ್ಲೇ ನಮ್ಮ ಶನಿವಾರ ಮುಗಿಯುತ್ತದೆ. ತೂಕ 15 ಕೆ.ಜಿ. ದಾಟಬಾರದು. ಆ ಕಡೆ ಇಳಿಸಿಕೊಳ್ಳುವವರು ಹೆಚ್ಚಾಗಿ ಹೆಂಗಸರು ಮತ್ತು ವಯಸ್ಸಾದವರು. ಲಿಫ್ಟಿಗೆ ಕರೆಂಟ್ ಇಲ್ಲದಿದ್ದರೆ ಮೆಟ್ಟಿಲಲ್ಲೇ ಹೊರಬೇಕು.

ಎರಡು ಪಕ್ಕದಲ್ಲಿ ಚೀಟಿ ಅಂಟಿಸಿ, ಮೇಲ್ಭಾಗದಲ್ಲಿ ಬೇಡ, ಒಂದರ ಮೇಲೊಂದು ಪೇರಿಸಿದಾಗ ಕಾಣುವುದಿಲ್ಲ. ಚೀಟಿಯಲ್ಲಿ ವಸ್ತುವಿನ ಹೆಸರು, ಸೈಜು, ಎಷ್ಟು, ಎಲ್ಲಕ್ಕಿಂತ ಬೇಗ ಮುಗಿಯುವ ಎಕ್ಸ್‌ಪೈರಿ ದಿನಾಂಕ. ಬರೆಯುವಾಗ ತಿಂಗಳನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆಯಿರಿ, ಅಮೆರಿಕದವರು ತಿಂಗಳು ಮೊದಲು ಬರೆಯುತ್ತಾರೆ, ಗೊಂದಲವಾಗುತ್ತದೆ. ಟೀಶರ್ಟು, ಚಾಕೊಲೇಟು, ಮಕ್ಕಳು ಬರೆದ ಪತ್ರ ಸೇರಿಸಬೇಡಿ. ಪಟ್ಟಿಯಲ್ಲಿಲ್ಲದ ಒಂದು ವಸ್ತು ಸಿಕ್ಕರೂ ಕಸ್ಟಮ್ಸ್‌ನವರು ಉಳಿದ ಪೆಟ್ಟಿಗೆಗಳನ್ನೂ ತೆಗೆಸುತ್ತಾರೆ.

ಕಟ್ಟಿದ ಮೇಲೆ ನೇರ ಗ್ಯಾರೇಜಿಗೆ ತಂದು ಇಳಿಸಬೇಡಿ. ವಾಟ್ಸ್ಯಾಪ್ ಗುಂಪಿನಲ್ಲಿ ಚೀಟಿಯ ಫೋಟೋ ಹಾಕಿ. ಯಾವ ಆಸ್ಪತ್ರೆಯ ಪಟ್ಟಿಗೆ ಅದು ಹೊಂದುತ್ತದೆ, ವ್ಯಾನು ಯಾವಾಗ ಹೊರಡುತ್ತದೆ ಅಂತ ನಾವು ಹೇಳುತ್ತೇವೆ. ಆಮೇಲೆ ತನ್ನಿ.